ಗಂಡು ಮೀನಿನ ಹೊಟ್ಟೆಯಲ್ಲಿ ತತ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಮೀನು, ಔಷಧ, ಹೊಳೆನೀರು ಇವುಗಳ ಬಗೆಗಿನವೇ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಗರ್ಭನಿರೋಧಕ ಮಾತ್ರೆಯ ಅಂಶ ನೀರಿಗೆ ಸೇರಿದರೆ ಗಂಡು ಮೀನು ಹೆಣ್ಣಾಗುತ್ತದೆ ಎಂಬ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ. ಏನು ಹೇಳಲಿ? – ಶಿಕ್ಷಕಿ, ಮುಧೋಳ

ಗಂಡು ಪೂರ್ತಿ ಹೆಣ್ಣಾಗುವುದು ಅಪರೂಪ. ಸಣ್ಣ ಮರಿಯಿದ್ದಾಗಲೇ ಸಾಕಷ್ಟು ಹಾರ್ಮೋನು ತಗುಲಿದರೆ ಹಾಗಾಗಬಹುದು. ಆದರೆ ಗಂಡು ಸರಿಯಾದ ಗಂಡಾಗಿ ಉಳಿಯುವುದಿಲ್ಲ ಎಂಬುದು ನಿಜ.

ತತ್ತಿ ಕಟ್ಟುವ ಕಾಲಕ್ಕೆ ಹೆಣ್ಣು ಮೀನಿನ ಮೆದುಳು ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಅಂಡಾಶಯಕ್ಕೆ ಮುಟ್ಟಿಸುತ್ತದೆ. ಅಂಡಾಶಯ ಬಿಟ್ಟ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ರಕ್ತದಲ್ಲಿ ಹರಿದು ಯಕೃತ್ತಿಗೆ ಹೋಗುತ್ತದೆ. ತತ್ತಿಯ ಹಳದಿಗೆ ಬೇಕಾದ ಸರಕು ತಯಾರಿಸು ಎಂದು ಯಕೃತ್ತಿಗೆ ಚೀಟಿ ಕೊಟ್ಟಂತೆ ಅದು. ಆ ಸರಕಿನ ಹೆಸರು ವೈಟೆಲ್ಲೊಜೆನಿನ್. ಗಂಡು ಮೀನಿನ ಯಕೃತ್ತಿಗೂ ಈ ಕೆಲಸ ಬರುತ್ತದೆ. ಚೀಟಿ ಬರುವುದಿಲ್ಲ, ಅಷ್ಟೆ. ನೀರಿನಲ್ಲೇ ಈಸ್ಟ್ರೋಜನ್ ಇದ್ದರೆ ಹಗಲೂ ರಾತ್ರಿ ಕಿವಿರಿನ ಮೂಲಕ ಒಳಗೆ ಇಳಿದು ಹೊರಗಿನಿಂದ ಚೀಟಿ ತಲುಪಿಸುತ್ತದೆ. ಗಂಡಿನ ರಕ್ತದಲ್ಲಿ ಬೇಡದ ಸರಕು ತುಂಬಿ ಮೂತ್ರಪಿಂಡ ಬಳಲುತ್ತದೆ, ವೃಷಣ ಬಲಿಯುವುದಿಲ್ಲ. ಹೆಚ್ಚು ದಿನ ಹೀಗೇ ನಡೆದರೆ ವೃಷಣದ ನಡುನಡುವೆ ತತ್ತಿಕೋಶಗಳು ಮೂಡುತ್ತವೆ. ಇದಕ್ಕೆ ಅಂತರ್ಲಿಂಗ ಸ್ಥಿತಿ ಎನ್ನುತ್ತಾರೆ.

ಮಾತ್ರೆಯಲ್ಲಿರುವುದು ಎಥಿನೈಲ್ ಎಸ್ಟ್ರಾಡಿಯೋಲ್. ದೇಹದ ಸಹಜ ಹಾರ್ಮೋನಿಗೆ ಒಂದು ಸಣ್ಣ ಕೊಂಡಿ ಕೂಡಿಸಿ ಮಾಡಿದ್ದು. ಆ ಕೊಂಡಿಯ ದೆಸೆಯಿಂದ ಯಕೃತ್ತು ಅದನ್ನು ಬೇಗ ಒಡೆಯಲಾರದು, ಹಾಗಾಗಿಯೇ ಬಾಯಿಂದ ನುಂಗಿದರೂ ಕೆಲಸ ಮಾಡುತ್ತದೆ. ಹೊಳೆಯ ಸೂಕ್ಷ್ಮಜೀವಿಗಳಿಗೂ ಅದನ್ನು ಒಡೆಯುವುದು ಕಷ್ಟ. ಸಹಜ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕರಗಿಹೋದರೆ ಇದು ವಾರಗಟ್ಟಲೆ ಉಳಿಯುತ್ತದೆ. ಇನ್ನೊಂದು ತಮಾಷೆ ನೋಡಿ. ನಮ್ಮ ದೇಹ ಹಾರ್ಮೋನನ್ನು ಹೊರಹಾಕುವಾಗ ಸಕ್ಕರೆಯಂಥ ಅಣುವೊಂದಕ್ಕೆ ಕಟ್ಟಿ, ನಿಷ್ಕ್ರಿಯ ಮಾಡಿ ಕಳಿಸುತ್ತದೆ. ಗಟಾರದ ಬ್ಯಾಕ್ಟೀರಿಯಾ ಆ ಕಟ್ಟನ್ನೇ ಬಿಚ್ಚಿ ಮತ್ತೆ ಚುರುಕು ಮಾಡಿಬಿಡುತ್ತವೆ.

ಪುರಾವೆ ಎಲ್ಲಿದೆ ಎಂದು ಮಕ್ಕಳು ಕೇಳಿದರೆ ಎರಡು ಉದಾಹರಣೆ ಕೊಡಿ. ಇಂಗ್ಲೆಂಡಿನಲ್ಲಿ ಚರಂಡಿ ನೀರು ಶುದ್ಧೀಕರಣ ಘಟಕಗಳ ಕೆಳಭಾಗದ ಹೊಳೆಗಳಲ್ಲಿ ರೋಚ್ ಎಂಬ ಮೀನನ್ನು ಕೊಯ್ದು ನೋಡಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಕೆಲವು ಜಾಗಗಳಲ್ಲಿ ಹಿಡಿದ ಗಂಡುಗಳೆಲ್ಲವೂ ಅಂತರ್ಲಿಂಗಿಗಳಾಗಿದ್ದವು. ಎರಡನೆಯದು ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಲ್ಲಿ ಒಂದಾದ 260ನೇ ಸಂಖ್ಯೆಯ ಕೆರೆ. 2001ರಿಂದ 2003ರವರೆಗೆ ಮೂರು ಬೇಸಿಗೆ ಅದರ ನೀರಿನಲ್ಲಿ ಲೀಟರಿಗೆ 5–6 ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು) ಎಥಿನೈಲ್ ಎಸ್ಟ್ರಾಡಿಯೋಲ್ ಇರುವಂತೆ ನೋಡಿಕೊಂಡರು. ಮೀನು ರಾಶಿಯಾಗಿ ಸತ್ತು ತೇಲಲಿಲ್ಲ. ಮರಿಯಾಗುವುದು ನಿಂತಿತು. ಫ್ಯಾಟ್‌ಹೆಡ್ ಮಿನ್ನೊ ಎಂಬ ಬೆರಳುದ್ದದ ಮೀನಿಗೆ ಎರಡು ಮೂರು ವರ್ಷದ ಆಯುಸ್ಸು. ಹಳೆಯವು ಮುಗಿದಾಗ ಜಾಗ ತುಂಬಲು ಹೊಸವು ಇರಲಿಲ್ಲ. ಆ ಜಾತಿ ಕೆರೆಯಿಂದ ಹೆಚ್ಚುಕಡಿಮೆ ಅಳಿಸಿಹೋಯಿತು, ಅದನ್ನು ತಿಂದು ಬದುಕುವ ಟ್ರೌಟ್ ಮೀನೂ ಕಡಿಮೆಯಾಯಿತು. ಔಷಧ ನಿಲ್ಲಿಸಿದ ಮೂರ್ನಾಲ್ಕು ವರ್ಷಕ್ಕೆ ಮಿನ್ನೊ ಮರಳಿ ಬಂತು. ವಿಡಿಯೊ ಮಾಡುವವರು ಈ ಕೊನೆಯ ಸಂಗತಿ ಹೇಳುವುದೇ ಇಲ್ಲ.

ಇಡೀ ತಪ್ಪನ್ನು ಮಾತ್ರೆ ನುಂಗುವ ಹೆಂಗಸರ ತಲೆಗೆ ಕಟ್ಟುವುದೂ ಸರಿಯಲ್ಲ. ಮನುಷ್ಯರೆಲ್ಲರ ಮಲಮೂತ್ರದಲ್ಲಿ ಸಹಜ ಈಸ್ಟ್ರೋಜನ್ ಇದೆ. ಗಬ್ಬಾದ ಆಕಳು, ಎಮ್ಮೆಗಳ ಗಂಜಲ ಮತ್ತು ಸೆಗಣಿಯಲ್ಲಿ ಇನ್ನೂ ಹೆಚ್ಚು. ಔಷಧವೇ ಅಲ್ಲದ ವಸ್ತುಗಳೂ ಹಾರ್ಮೋನಿನ ವೇಷ ಹಾಕುತ್ತವೆ. ಇಂಗ್ಲೆಂಡಿನ ಏರ್ ನದಿಯಲ್ಲಿ ದೊಡ್ಡ ಅಪರಾಧಿಯಾಗಿದ್ದದ್ದು ಉಣ್ಣೆ ತೊಳೆಯುವ ಕಾರ್ಖಾನೆಗಳ ಮಾರ್ಜಕದಿಂದ ಬರುವ ನೊನೈಲ್‌ಫೀನಾಲ್. ರಬಕವಿ-ಬನಹಟ್ಟಿ, ಇಳಕಲ್ಲಿನಂಥ ನೇಕಾರಿಕೆಯ ಊರಿನವರು ನೂಲು ತೊಳೆಯಲು, ಬಣ್ಣ ಹಾಕಲು ಬಳಸುವ ಸೋಪಿನ ಡಬ್ಬಿಯ ಮೇಲೆ ನೊನೈಲ್‌ಫೀನಾಲ್ ಎಥಾಕ್ಸಿಲೇಟ್ ಎಂದಿದೆಯೇ ನೋಡುವುದು ಒಳ್ಳೆಯದು.

ಆಲಮಟ್ಟಿ ಹಿನ್ನೀರಿನ್ಯಾಗ ಬಲಿ ಹಾಕಿ ಬದಕೂ ಮಂದಿ ನಾವು. ಕಾಟ್ಲಾ, ರೋಹು ಮೊದಲಿನಂಗ ಬೀಳವಲ್ವು. ಊರಿಂದ ಬರೂ ಔಷಧದ ನೀರಿಂದ ಹಿಂಗಾಗೇತೇನ್ರಿ? – ಮೀನುಗಾರರು, ಕೊಲ್ಹಾರ

ಲೆಕ್ಕ ಹಾಕಿ ನೋಡೋಣ. 1 ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಆಲಮಟ್ಟಿಯಲ್ಲಿ ತುಂಬಿದಾಗ ಸುಮಾರು 123 ಟಿಎಂಸಿ ನಿಲ್ಲುತ್ತದೆ. ಕೆನಡಾದ ಕೆರೆಯ ಮಟ್ಟಕ್ಕೆ, ಅಂದರೆ ಲೀಟರಿಗೆ 5 ನ್ಯಾನೋಗ್ರಾಂಗೆ, ಅಷ್ಟೂ ನೀರು ಕೆಡಬೇಕಾದರೆ ಸುಮಾರು 17.4 ಕೆ.ಜಿ. ಅಪ್ಪಟ ಹಾರ್ಮೋನು ಬೇಕು. ಒಂದು ಮಾಲಾ-ಡಿ ಗರ್ಭನಿರೋಧಕ ಮಾತ್ರೆಯಲ್ಲಿ ಇರುವುದು 0.03 ಮಿ.ಗ್ರಾಂ. ಅಂದರೆ 58 ಕೋಟಿ ಮಾತ್ರೆ ಒಮ್ಮೆಗೇ ಸುರಿಯಬೇಕು. ತುಂಬಿದ ಆಲಮಟ್ಟಿಯ ಮಟ್ಟಿಗೆ ಈ ಅನುಮಾನ ಬಿಡಿ.

ನಿಮ್ಮ ಬಲೆಗೆ ಕಾಟ್ಲಾ ಕಡಿಮೆ ಬೀಳುವ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಕಾಟ್ಲಾ, ರೋಹು, ಮೃಗಾಲ ಈ ಮೂರೂ ನಿಂತ ನೀರಿನಲ್ಲಿ ತತ್ತಿ ಇಡುವ ಜಾತಿಯಲ್ಲ. ಮುಂಗಾರಿನ ಹೊಸ ಕೆಂಪು ನೀರು ಹರಿದು ಬರುವಾಗ ಮೇಲಕ್ಕೆ ಹತ್ತಿ ತತ್ತಿ ಬಿಡುತ್ತವೆ. ದಾರಿಯಲ್ಲಿ ಬ್ಯಾರೇಜಿನ ಗೇಟು ಮುಚ್ಚಿದ್ದರೆ ಆ ವರ್ಷ ಸಹಜ ಮರಿ ಕಡಿಮೆ. ಹಾಗಾಗಿ ಜಲಾಶಯದ ಮೀನುಗಾರಿಕೆ ನಿಂತಿರುವುದೇ ಬಿತ್ತನೆ ಮರಿಯ ಮೇಲೆ. 2–3 ಸೆಂ.ಮೀ. ಮರಿ ಬಿಟ್ಟರೆ ಬಾಳೆಮೀನು, ಕೊರವ ತಿಂದು ಮುಗಿಸುತ್ತವೆ. ಬೆರಳುದ್ದ, 8–10 ಸೆಂ.ಮೀ. ಆಗುವವರೆಗೆ ಕೊಳದಲ್ಲಿ ಬೆಳೆಸಿ ಬಿಡಬೇಕು. ಜೊತೆಗೆ ಸಣ್ಣ ಕಣ್ಣಿನ ಬಲೆ ಒಂದೇ ಕಿಲೋ ತೂಗುವ ಕಾಟ್ಲಾವನ್ನೂ ಎಳೆದು ತರುತ್ತದೆ. ಅದು ಇನ್ನೂ ಒಮ್ಮೆಯೂ ತತ್ತಿ ಇಟ್ಟಿರುವುದಿಲ್ಲ.

ಇದೇ ಲೆಕ್ಕವನ್ನು ಈಗ ಸಣ್ಣ ನೀರಿಗೆ ಹಾಕಿ. ಮಾಲಾ-ಡಿ ಪಟ್ಟಿಯೊಂದರಲ್ಲಿ 21 ಹಾರ್ಮೋನು ಮಾತ್ರೆ, ಉಳಿದ 7 ಬರೀ ಕಬ್ಬಿಣಾಂಶದವು. 21 ಮಾತ್ರೆಗೆ 0.63 ಮಿ.ಗ್ರಾಂ. ಹಾರ್ಮೋನು. 21 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ನೀರು ನಿಂತ ಹೊಂಡದಲ್ಲಿ 6.3 ಲಕ್ಷ ಲೀಟರ್ ಇರುತ್ತದೆ. ಬಳಸದ ಒಂದೇ ಪಟ್ಟಿಯನ್ನು ಅದರಲ್ಲಿ ಕರಗಿಸಿದರೆ ಲೀಟರಿಗೆ 1 ನ್ಯಾನೋಗ್ರಾಂ ಆಗಿಬಿಡುತ್ತದೆ. ಯುರೋಪಿನಲ್ಲಿ ಈ ಹಾರ್ಮೋನಿಗೆ 2012ರಲ್ಲಿ ಪ್ರಸ್ತಾಪಿಸಿದ ಸುರಕ್ಷಿತ ಮಿತಿ ಲೀಟರಿಗೆ 0.035 ನ್ಯಾನೋಗ್ರಾಂ. ಒಂದಷ್ಟು ಕೆಸರಿಗೆ ಅಂಟಿ ಕಡಿಮೆಯಾಗುತ್ತದೆ ಎಂದುಕೊಂಡರೂ ಮಿತಿಗಿಂತ ಬಹಳ ಮೇಲೆಯೇ ಇರುತ್ತದೆ.

ಆದ್ದರಿಂದ ಹೆದರಬೇಕಾದದ್ದು ಮಳೆಗಾಲದ ಕೃಷ್ಣೆಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಗಟಾರವೇ ಹೊಳೆಯಾಗಿ ಹರಿಯುವ ನಾಲಾಗಳಿಗೆ, ಅವು ಬಂದು ಕೂಡುವ ಮಡುಗಳಿಗೆ.

ಬೆಳಗಾವಿಯ ಬಳ್ಳಾರಿ ನಾಲಾದ ದಂಡೆಗೆ ನಮ್ಮ ಹೊಲ. ಇಡೀ ಊರಿನ ನೀರು ಅದರಲ್ಲೇ ಬರುತ್ತದೆ. ಹಾರ್ಮೋನು ಇದೆಯೋ ಇಲ್ಲವೋ ತಿಳಿಯುವುದು ಹೇಗೆ? – ಓದುಗರು, ಬೆಳಗಾವಿ ತಾಲ್ಲೂಕು

ಎರಡು ದಾರಿ ಇವೆ. ಒಂದು ಅಗ್ಗದ್ದು, ಒಂದು ತುಟ್ಟಿಯದು. ಅಗ್ಗದ್ದರಿಂದ ಶುರು ಮಾಡಿ.

ಸೊಳ್ಳೆ ನಿಯಂತ್ರಣಕ್ಕೆಂದು ಆರೋಗ್ಯ ಇಲಾಖೆ ಬಿಡುವ ಗಪ್ಪಿ, ಗಂಬೂಸಿಯಾ ಮೀನುಗಳು ಕೊಳಕು ನೀರಿನಲ್ಲೂ ಬದುಕುತ್ತವೆ. ಇವು ಮರಿ ಹಾಕುವ ಮೀನುಗಳು. ಗಂಡಿನ ಹೊಟ್ಟೆಯ ಕೆಳಗೆ, ಗುದದ್ವಾರದ ಹಿಂದಿನ ರೆಕ್ಕೆ ಬೀಸಣಿಗೆಯಂತಿರದೆ ಸಣ್ಣ ಕಡ್ಡಿಯಂತೆ ಚೂಪಾಗಿರುತ್ತದೆ. ಕೂಡುವ ಅಂಗವೇ ಅದು. ಸೊಳ್ಳೆಪರದೆಯ ಬಟ್ಟೆಯ ಜಾಳಿಗೆಯಿಂದ ಐವತ್ತು ಅರವತ್ತು ಬೆಳೆದ ಮೀನು ಹಿಡಿದು, ಬಿಳಿ ತಟ್ಟೆಯಲ್ಲಿ ಬೆರಳುದ್ದ ನೀರು ಹಾಕಿ ಬಿಡಿ, ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಿಂದ ನೋಡಿ. ಊರಾಚೆಯ ಬಾವಿಯಲ್ಲೋ ಚರಂಡಿ ಸೇರದ ಹೊಂಡದಲ್ಲೋ ಹಿಡಿದ ಅದೇ ಜಾತಿಯ ಮೀನು ಪಕ್ಕದ ತಟ್ಟೆಯಲ್ಲಿರಲಿ. ಈಸ್ಟ್ರೋಜನ್ ತಗುಲಿದ ಕಡೆ ಗಂಡಿನ ಕಡ್ಡಿ ಗಿಡ್ಡವಾಗುತ್ತದೆ, ಗಪ್ಪಿ ಗಂಡಿನ ಕಿತ್ತಳೆ ಬಣ್ಣ ಮಾಸುತ್ತದೆ. ಹೆಣ್ಣಿನ ರೆಕ್ಕೆಯೇ ಕಡ್ಡಿಯಂತೆ ಉದ್ದವಾಗಿದ್ದರೆ ಗಂಡು ಹಾರ್ಮೋನಿನಂಥ ವಸ್ತು ಇದೆ ಎಂದು ಅನುಮಾನಿಸಬೇಕು. ಅಮೆರಿಕದ ಫ್ಲೋರಿಡಾದಲ್ಲಿ ಕಾಗದದ ಕಾರ್ಖಾನೆಯ ಕೆಳಗಿನ ಹೊಳೆಯ ಗಂಬೂಸಿಯಾದಲ್ಲಿ ಹೀಗೆ ಕಂಡಿತ್ತು. ಬರೀ ಗಂಡು–ಹೆಣ್ಣು ಎಣಿಸಿ ತೀರ್ಮಾನಿಸಬೇಡಿ. ಗಂಡು ಸಣ್ಣದು, ಹಿಡಿಯುವಾಗ ತಪ್ಪಿಹೋಗುತ್ತದೆ. ಎಣಿಕೆ ತಪ್ಪುವುದು ಅಲ್ಲಿಯೇ. ಕೈಗವಸು ಹಾಕಿಕೊಳ್ಳಿ, ಅದು ಗಟಾರದ ನೀರು.

ತುಟ್ಟಿಯ ದಾರಿ ಪ್ರಯೋಗಾಲಯ. ಸಾಮಾನ್ಯ ನೀರು ಪರೀಕ್ಷೆಯಲ್ಲಿ ಹುಳಿ-ಕ್ಷಾರ ತೋರುವ ಪಿಎಚ್, ಕೊಳೆಯ ಪ್ರಮಾಣ ತೋರುವ ಬಿಒಡಿ, ಸಿಒಡಿ ಬರುತ್ತವೆ, ಹಾರ್ಮೋನು ಬರುವುದಿಲ್ಲ. ನೀರಿನಲ್ಲಿರುವ ಅಣುಗಳನ್ನು ಬೇರ್ಪಡಿಸಿ, ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್/ಎಂಎಸ್ ಯಂತ್ರವಿರುವ ಲ್ಯಾಬು ಬೇಕು. ಮಾದರಿ ತೆಗೆಯಲು ಕಂದು ಗಾಜಿನ 1 ಲೀಟರ್ ಬಾಟಲಿಯೇ ಆಗಬೇಕು. ಹಾರ್ಮೋನು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಬೆಳಕಿಗೆ ಒಡೆಯುತ್ತದೆ. ಚರಂಡಿ ಸೇರುವ ಜಾಗದ ಮೇಲೆ ಒಂದು, ಕೆಳಗೆ ಒಂದು, ಎರಡು ಮೂರು ಕಿ.ಮೀ. ಆಚೆ ಒಂದು ಮಾದರಿ ತೆಗೆಯಿರಿ. ಬೆಳಿಗ್ಗೆ ಎಂಟರ ನೀರೂ ಮಧ್ಯಾಹ್ನ ಮೂರರ ನೀರೂ ಒಂದೇ ಅಲ್ಲ, ಎರಡೂ ಹೊತ್ತು ಹಿಡಿಯಿರಿ. ಬರ್ಫದ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಹಣ ಕಟ್ಟುವ ಮೊದಲೇ ‘ನಿಮ್ಮ ಯಂತ್ರ ಲೀಟರಿಗೆ ಎಷ್ಟು ನ್ಯಾನೋಗ್ರಾಂವರೆಗೆ ಹಿಡಿಯುತ್ತದೆ’ ಎಂದು ಕೇಳಿ. ಹತ್ತಕ್ಕಿಂತ ಕೆಳಗೆ ಕಾಣದ ಯಂತ್ರ ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ. ಮೀನಿಗೆ ತೊಂದರೆ ಶುರುವಾಗುವುದೇ ಒಂದಕ್ಕಿಂತ ಕೆಳಗೆ.

ಬ್ಯಾಸಿಗ್ಯಾಗ ಕೃಷ್ಣಾ ನದಿಯೊಳಗ ಮೀನು ರಾಶಿ ರಾಶಿ ಸತ್ತು ತೇಲ್ತಾವು. ಇದೂ ಔಷಧದ ಪರಿಣಾಮೇನು? – ರಾಯಬಾಗ

ಅಲ್ಲ. ಹಾರ್ಮೋನಿನಿಂದ ಹೆಣ ತೇಲುವುದಿಲ್ಲ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳ ಹೊಲಸು ನೀರಾಗಲಿ ಊರಿನ ಗಟಾರದ ನೀರಾಗಲಿ ಹರಿವು ನಿಂತ ನದಿಗೆ ಬಿದ್ದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಲೀಟರಿಗೆ 2 ಮಿ.ಗ್ರಾಂಗಿಂತ ಕೆಳಗಿಳಿದರೆ ಗೆಂಡೆ ಜಾತಿಯ ಮೀನು ಉಳಿಯುವುದು ಕಷ್ಟ. ನಸುಕಿನಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸುವುದು, ಮೊದಲು ದೊಡ್ಡ ಮೀನು ಸಾಯುವುದು ಇದರ ಗುರುತು. ಅದೇ ದಿನ ಸೂರ್ಯ ಏರುವ ಮೊದಲು ನೀರಿನ ಮಾದರಿ ತೆಗೆಸಿ. ಮಧ್ಯಾಹ್ನಕ್ಕೆ ಪಾಚಿ ಮತ್ತೆ ಆಮ್ಲಜನಕ ತುಂಬಿಸುತ್ತದೆ, ಪುರಾವೆ ಹೋಗುತ್ತದೆ.

ಕೃಷಿಹೊಂಡದಲ್ಲಿ ತಿಲಾಪಿಯಾ ಸಾಕಬೇಕೆಂದಿದ್ದೇನೆ. ಮರಿಗೆ ಹಾರ್ಮೋನು ತಿನ್ನಿಸಿ ಎಲ್ಲವನ್ನೂ ಗಂಡು ಮಾಡುತ್ತಾರಂತೆ. ಆ ನೀರು ಹೊಲಕ್ಕೆ ಬಿಟ್ಟರೆ ಏನಾದೀತು? – ರೈತರು, ತಿಕೋಟಾ

ನಮ್ಮ ಕಡೆ ಜಿಲೇಬಿ ಮೀನು ಎನ್ನುವ ಇದು ಮೂರ್ನಾಲ್ಕು ತಿಂಗಳಿಗೇ ಬಲಿತು ಮರಿ ಹಾಕಲು ಶುರುಮಾಡುತ್ತದೆ. ಹೊಂಡದ ತುಂಬ ಅಂಗೈಗಿಂತ ಸಣ್ಣ ಮೀನು ಆಗುವುದು ಅದಕ್ಕೇ. ಗಂಡು ಬೇಗ ಬೆಳೆಯುತ್ತದೆ, ಹಾಗಾಗಿ ಎಲ್ಲವನ್ನೂ ಗಂಡು ಮಾಡುವ ರೂಢಿ. ನಮ್ಮ ದೇಶದಲ್ಲಿ ಗಂಡು ಮರಿಯನ್ನಷ್ಟೇ, ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದು ಸಾಕಬೇಕು.

ಹಾರ್ಮೋನು ತಿನ್ನಿಸುವುದು ಮರಿಕೇಂದ್ರದ ಕೆಲಸ, ನಿಮ್ಮದಲ್ಲ. ಅಲ್ಲಿ 17-ಆಲ್ಫಾ ಮಿಥೈಲ್‌ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು 60 ಮಿ.ಗ್ರಾಂ. ಅನ್ನು ಎಥನಾಲ್‌ನಲ್ಲಿ ಕರಗಿಸಿ, 1 ಕೆ.ಜಿ. ನುಣ್ಣನೆಯ ಆಹಾರದ ಮೇಲೆ ಸಿಂಪಡಿಸಿ, ನೆರಳಲ್ಲಿ ಒಣಗಿಸಿ, ಮರಿಯ ಹೊಟ್ಟೆಗೆ ಅಂಟಿರುವ ಹಳದಿಚೀಲ ಕರಗಿದ ಕೂಡಲೇ 21ರಿಂದ 28 ದಿನ ತಿನ್ನಿಸುತ್ತಾರೆ. ಶುರುಮಾಡುವಾಗ ಮರಿ 14 ಮಿ.ಮೀ. ದಾಟಿರಬಾರದು, ಆ ಹೊತ್ತಿಗೆ ಅಂಡಾಶಯ ಆಗಬೇಕೋ ವೃಷಣ ಆಗಬೇಕೋ ಎಂಬುದು ತೀರ್ಮಾನವಾಗಿರುತ್ತದೆ. ಎಡವಟ್ಟಾಗುವುದು ಮೂರು ಕಡೆ. ಬೇರೆ ಬೇರೆ ದಿನ ಹುಟ್ಟಿದ ಮರಿ ಬೆರೆಸಿದರೆ ದೊಡ್ಡವು ಹೆಣ್ಣಾಗಿಯೇ ಉಳಿಯುತ್ತವೆ. ಹಸಿರು ನೀರಿನಲ್ಲಿಟ್ಟರೆ ಮರಿ ಪಾಚಿಯನ್ನೇ ತಿಂದು ಔಷಧದ ಆಹಾರ ಬಿಡುತ್ತದೆ. ಬೇಗ ಆಗಲೆಂದು ಹಾರ್ಮೋನು ಹೆಚ್ಚು ಹಾಕಿದರೆ ಅದರ ಒಂದು ಪಾಲು ಮೀನಿನ ದೇಹದಲ್ಲೇ ಈಸ್ಟ್ರೋಜನ್ ಜಾತಿಯ ವಸ್ತುವಾಗಿ ಮಾರ್ಪಟ್ಟು ಉಲ್ಟಾ ಕೆಲಸ ಮಾಡುತ್ತದೆ. ಆಹಾರ ಕಲಸುವವರಿಗೆ ಕೈಗವಸು, ಮಾಸ್ಕ್ ಕಡ್ಡಾಯ. ಬಸುರಿಯರು ಅತ್ತ ಸುಳಿಯಬಾರದು.

ನಿಮ್ಮ ಹೊಂಡಕ್ಕೆ ಬರುವ ಮರಿ ಔಷಧ ಬಿಟ್ಟು ವಾರಗಳೇ ಆಗಿರುತ್ತವೆ, ತಿನ್ನುವ ಗಾತ್ರಕ್ಕೆ ಬರಲು ಇನ್ನೂ ಐದಾರು ತಿಂಗಳು ಬೇಕು. ನಿಮ್ಮ ನೀರು ಹೊಲಕ್ಕೆ ಧಾರಾಳವಾಗಿ ಬಿಡಿ. ತಕರಾರು ಇರುವುದು ಮರಿಕೇಂದ್ರದ ನೀರಿನಲ್ಲಿ. ತಿನ್ನದೆ ಉಳಿದ ಆಹಾರ ತಳದ ಕೆಸರಿಗಿಳಿದು ವಾರಗಟ್ಟಲೆ ಅಲ್ಲೇ ಇರುತ್ತದೆ. ಆ ನೀರನ್ನು ಹಳ್ಳಕ್ಕೆ ಬಿಡದೆ ಬಿಸಿಲು ಬೀಳುವ ಇನ್ನೊಂದು ಹೊಂಡದಲ್ಲಿ ನಿಲ್ಲಿಸಬೇಕು, ಕೆಸರನ್ನು ದಂಡೆಗೆ ಎತ್ತಿ ಒಣಗಿಸಬೇಕು. ಮರಿ ಕೊಳ್ಳಲು ಹೋದಾಗ ‘ನೀರು ಎಲ್ಲಿಗೆ ಬಿಡ್ತೀರಿ?’ ಎಂದು ಕೇಳಿ.

ತತ್ತಿ ಬಿಡಿಸಲೆಂದು ಕಾಟ್ಲಾ ತಾಯಿಮೀನಿಗೆ ಚುಚ್ಚುವ ಓವಾಪ್ರಿಮ್ ಕೂಡ ಹಾರ್ಮೋನೇ ಅಲ್ಲವೇ? ಅದರಿಂದ ನೀರು ಕೆಡುವುದಿಲ್ಲವೇ? – ವಿಜಯಪುರ

ಕೆಡುವುದಿಲ್ಲ ಎಂದೇ ಹೇಳಬಹುದು. ಅದರಲ್ಲಿರುವ ಹಾರ್ಮೋನು ಪ್ರೋಟೀನಿನ ತುಣುಕು. ದೇಹದೊಳಗೇ ಬೇಗ ಜೀರ್ಣವಾಗುತ್ತದೆ. ಹಾಕುವುದೂ ಹೆಣ್ಣಿಗೆ ಕೆ.ಜಿ.ಗೆ ಅರ್ಧ ಮಿ.ಲೀ. ಒಳಗೆ, ಗಂಡಿಗೆ ಅದಕ್ಕೂ ಕಡಿಮೆ. ಜೊತೆಗಿರುವ ಡಾಂಪೆರಿಡೋನ್ ನಮಗೆ ವಾಂತಿ ನಿಲ್ಲಲು ಕೊಡುವ ಔಷಧವೇ. ಮೀನಿನ ಮೆದುಳಿನಲ್ಲಿ ತತ್ತಿ ಬಿಡದಂತೆ ತಡೆಯುವ ಡೋಪಮೈನ್ ಅನ್ನು ಅದು ಸುಮ್ಮನಾಗಿಸುತ್ತದೆ. ಮನುಷ್ಯರ ಔಷಧ ಮೀನಿನ ಮೇಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯಲ್ಲಿ ಅವಧಿ ಮೀರಿದ ಗುಳಿಗೆ, ಸಿರಪ್ಪು ರಾಶಿ ಬಿದ್ದಿವೆ. ಅತ್ತೆಯವರು ಬಚ್ಚಲಿಗೆ ಸುರಿ ಅನ್ನುತ್ತಾರೆ. ಎಲ್ಲಿ ಹಾಕಲಿ? – ಗೃಹಿಣಿ, ಇಳಕಲ್

ಬಚ್ಚಲಿಗೂ ಬೇಡ, ತಿಪ್ಪೆಗೂ ಬೇಡ, ಒಲೆಗೂ ಬೇಡ. 2016ರ ಘನತ್ಯಾಜ್ಯ ನಿಯಮ ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ಕಸ ಎಂದು ಗುರುತಿಸಿತ್ತು. ಒಣಕಸ, ಹಸಿಕಸದಿಂದ ಬೇರೆ ಇಡಬೇಕು. ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಬೇಡಿ, ಪುಡಿ ಮಾಡಬೇಡಿ. ಸಿರಪ್ಪನ್ನು ಹಳೆಯ ಡಬ್ಬಿಯಲ್ಲಿ ಬೂದಿಗೋ ಸೋಸಿದ ಚಹಾಪುಡಿಗೋ ಕಲಸಿ ಗಟ್ಟಿ ಮುಚ್ಚಿ. ಇನ್ಸುಲಿನ್ ಸೂಜಿಗೆ ದಪ್ಪ ಪ್ಲಾಸ್ಟಿಕ್ ಬಾಟಲಿ. ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ, ಮೇಲೆ ‘ಹಳೆ ಔಷಧ’ ಎಂದು ಬರೆದು ನಗರಸಭೆಯ ಗಾಡಿಯವರ ಕೈಗೇ ಕೊಡಿ. ಗಾಡಿಯವರು ಅದನ್ನು ಉಳಿದ ಕಸದ ಮೇಲೆಯೇ ಒಗೆದರೆ ನಗರಸಭೆಗೆ ಬರೆದು ಕೇಳಿ. ಬೇರೆ ಇಡುವ ಹೊಣೆ ನಿಮ್ಮದು, ಬೇರೆ ಸಾಗಿಸುವ ಹೊಣೆ ಅವರದು. ಕೇರಳದಲ್ಲಿ ಬಳಸದ ಔಷಧವನ್ನು ಸರ್ಕಾರವೇ ಸಂಗ್ರಹಿಸುವ ಯೋಜನೆ 2025ರಲ್ಲಿ ಆರಂಭವಾಯಿತು. ನಮ್ಮಲ್ಲೂ ಬೇಕು.

ಇದಕ್ಕೊಂದು ಅಪವಾದವಿದೆ. ಮಾರ್ಫಿನ್, ಫೆಂಟಾನಿಲ್, ಟ್ರಮಡಾಲ್, ಡಯಾಜೆಪಾಂ ಸೇರಿ 17 ಔಷಧಗಳನ್ನು ಶೌಚಾಲಯಕ್ಕೆ ಸುರಿಯಿರಿ ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೇಳಿದೆ. ಮಕ್ಕಳ ಕೈಗೋ ನಶೆಯವರ ಕೈಗೋ ಸಿಕ್ಕರೆ ಜೀವಕ್ಕೇ ಕುತ್ತು ಎಂಬ ಕಾರಣಕ್ಕೆ. ಹಾರ್ಮೋನು ಮಾತ್ರೆ, ಆ್ಯಂಟಿಬಯೋಟಿಕ್ ಆ ಪಟ್ಟಿಯಲ್ಲಿಲ್ಲ.

ಇಂಥ ಮೀನು ತಿನ್ನಬಹುದೇ? ನೀರು ಕುದಿಸಿ ಕುಡಿದರೆ ಸಾಕೇ? – ಜಮಖಂಡಿ, ಇಂಡಿ, ಗೋಕಾಕದಿಂದ ಬಂದ ಪತ್ರಗಳು

ಹೊಳೆ, ಜಲಾಶಯದ ಮೀನು ತಿನ್ನಿ. ಮಾಂಸದಲ್ಲಿ ಇರಬಹುದಾದ ಹಾರ್ಮೋನು ನಮ್ಮದೇ ದೇಹ ದಿನಾ ತಯಾರಿಸುವುದರ ಮುಂದೆ ಲೆಕ್ಕಕ್ಕಿಲ್ಲ. ಔಷಧದ ಅಂಶ ಹೆಚ್ಚು ಕೂಡುವುದು ಪಿತ್ತಕೋಶ ಮತ್ತು ಯಕೃತ್ತಿನಲ್ಲಿ. ಹಸಿರು ಪಿತ್ತದ ಚೀಲ ಒಡೆಯದಂತೆ ಕರುಳಿನ ಸಮೇತ ತೆಗೆದು ಬಿಸಾಡಿ. ಒಡೆದರೆ ಸಾರೂ ಕಹಿಯಾಗುತ್ತದೆ. ಚರಂಡಿ ನಾಲಾದಲ್ಲಿ ಹಿಡಿದದ್ದು ಬೇಡವೇ ಬೇಡ. ಅಲ್ಲಿ ಹಾರ್ಮೋನಿಗಿಂತ ರೋಗಾಣುಗಳ ಭಯ ದೊಡ್ಡದು.

ಕುದಿಸಿದರೆ ರೋಗಾಣು ಸಾಯುತ್ತವೆ, ಹಾರ್ಮೋನು ಹೋಗುವುದಿಲ್ಲ. ಪಟಿಕದಿಂದಲೂ ಹೋಗುವುದಿಲ್ಲ. ಸಕ್ರಿಯ ಇದ್ದಿಲು, ಆರ್‌ಒ ಎರಡೂ ಬಹುಪಾಲು ತಡೆಯುತ್ತವೆ. ಇದ್ದಿಲಿನ ಕ್ಯಾಂಡಲ್ ಅನ್ನು ಹೇಳಿದ ಅವಧಿಗೆ ಬದಲಿಸದಿದ್ದರೆ ಅದು ತುಂಬಿಹೋಗಿ, ಹಿಡಿದದ್ದನ್ನೇ ಮತ್ತೆ ನೀರಿಗೆ ಬಿಡಲು ಶುರುಮಾಡುತ್ತದೆ.